ಪಿಎಫ್48 ಬದಲು ಪಿಎಫ್63: ಒಂದು ಪಿಕಪ್‌ಗೆ ಉದ್ದನೆಯ ಆಯಿಲ್ ಫಿಲ್ಟರ್ ಆರಿಸಿದ ಪ್ರಕರಣ

ಗಾಡಿ 2011ರ ಶೆವರ್ಲೆ ಸಿಲ್ವರಾಡೊ 1500. 5.3 ಲೀಟರಿನ ವಿ8 ಪೆಟ್ರೋಲ್ ಎಂಜಿನ್, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮಾದರಿ. ಮಾಲೀಕರು ನನ್ನ ಭಾವ. ವಾರವಿಡೀ ಆಸ್ಟಿನ್‌ನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಶನಿವಾರ ಬಂತೆಂದರೆ ಊರಾಚೆ ತಾವು ಕೊಂಡ ಒಂದಿಷ್ಟು ಜಮೀನಿಗೆ ಓಡುತ್ತಾರೆ. ಮೇಕೆಗಳಿವೆ, ಟ್ರೇಲರ್ ಇದೆ, ಹುಲ್ಲಿನ ಪಿಂಡಿ ಹೊರುವ ಕೆಲಸ ಇದೆ. ಮಧ್ಯ ಟೆಕ್ಸಾಸಿನ ಆ ಭಾಗದ ಹಳ್ಳಿ ರಸ್ತೆಗಳು ಸುಣ್ಣಕಲ್ಲಿನ ಪುಡಿಯವು. ಮುಂದೆ ಒಂದು ಗಾಡಿ ಹೋದರೆ ಹಿಂದಿನವರಿಗೆ ಬಿಳೀ ಧೂಳು ಬಿಟ್ಟು ಬೇರೇನೂ ಕಾಣುವುದಿಲ್ಲ.

ಗಾಡಿಯಲ್ಲಿ ತೊಂದರೆ ಏನೂ ಇರಲಿಲ್ಲ. ಪ್ರಶ್ನೆ ಹುಟ್ಟಿದ್ದು ಅಂಗಡಿಯಲ್ಲಿ. ಈ ಎಂಜಿನ್‌ಗೆ ಕಂಪನಿ ಹೇಳುವ ಆಯಿಲ್ ಫಿಲ್ಟರ್, ಅಂದರೆ ಎಂಜಿನ್ ಆಯಿಲ್ ಸೋಸುವ ತಗಡಿನ ಡಬ್ಬಿ, ಎಸಿ ಡೆಲ್ಕೊ ಬ್ರಾಂಡಿನ ಪಿಎಫ್48. ಕಪಾಟಿನಲ್ಲಿ ಅದರ ಪಕ್ಕದಲ್ಲೇ ಪಿಎಫ್63 ಇತ್ತು. ದಪ್ಪ ಹೆಚ್ಚುಕಮ್ಮಿ ಅಷ್ಟೇ, ಉದ್ದ ಮಾತ್ರ ಹತ್ತಿರಹತ್ತಿರ ಒಂದು ಇಂಚು ಜಾಸ್ತಿ. ಬೆಲೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಭಾವ ಅಲ್ಲಿಂದಲೇ ಫೋನ್ ಮಾಡಿದರು.

“ದೊಡ್ಡದು ಹಾಕಿದ್ರೆ ಒಳ್ಳೇದೇ ಅಲ್ವಾ? ಧೂಳು ಬೇರೆ ಜಾಸ್ತಿ. ಸುಮ್ನೆ ಚಿಕ್ಕದು ಯಾಕೆ ತಗೋಬೇಕು?”

“ಎರಡೂ ಒಂದೊಂದು ತಗೊಂಡು ಬನ್ನಿ ಭಾವ. ಹಾಕೋದಕ್ಕೆ ಮುಂಚೆ ನೋಡೋಣ” ಅಂದೆ.

ಮೊದಲು ಅವರ ಆಸೆ ಎಷ್ಟು ಸರಿ ಅಂತ ಲೆಕ್ಕ ಹಾಕಿದೆವು. ಉದ್ದನೆಯ ಫಿಲ್ಟರಿನಿಂದ ಮೂರು ಲಾಭ ಅಂತ ಜನ ಹೇಳುತ್ತಾರೆ: ಆಯಿಲ್ ಜಾಸ್ತಿ ಹಿಡಿಯುತ್ತದೆ, ಕೊಳೆ ಜಾಸ್ತಿ ಹಿಡಿಯುತ್ತದೆ, ಆಯಿಲ್ ಸಲೀಸಾಗಿ ಹರಿಯುತ್ತದೆ. ಮೂರೂ ಸುಳ್ಳಲ್ಲ, ಆದರೆ ಮೂರರ ತೂಕವೂ ಒಂದೇ ಅಲ್ಲ.

ಆಯಿಲ್ ಜಾಸ್ತಿ ಹಿಡಿಯುವ ಮಾತನ್ನು ಬೇಗ ಮುಗಿಸಬಹುದು. ಡಬ್ಬಿಯ ಅಡ್ಡಳತೆ ಸುಮಾರು ಏಳೂವರೆ ಸೆಂಟಿಮೀಟರ್. ಉದ್ದ ಎರಡೂವರೆ ಸೆಂಟಿಮೀಟರ್ ಹೆಚ್ಚಾದರೆ ಒಳಗೆ ಸಿಗುವ ಜಾಗ 110 ಮಿಲಿಲೀಟರ್ ಆಸುಪಾಸು. ಅದರಲ್ಲೂ ಒಂದು ಪಾಲನ್ನು ಒಳಗಿನ ಕಾಗದ ಮತ್ತು ಕೊಳವೆಯೇ ತಿನ್ನುತ್ತವೆ. ಈ ಎಂಜಿನ್ ಹಿಡಿಯುವ ಆಯಿಲ್ ಆರು ಕ್ವಾರ್ಟ್, ಅಂದರೆ ಸುಮಾರು 5.7 ಲೀಟರ್. ಹೆಚ್ಚೆಂದರೆ ನೂರಕ್ಕೆ ಎರಡು ಪಾಲು ಸೇರಿತು. ಅಷ್ಟಕ್ಕೆ ಆಯಿಲ್ ತಣ್ಣಗಿರುತ್ತದೆ, ಹೆಚ್ಚು ದಿನ ಬಾಳುತ್ತದೆ ಅನ್ನುವುದು ಬರೀ ಮಾತು.

ಕೊಳೆ ಹಿಡಿಯುವ ವಿಷಯದಲ್ಲಿ ಸ್ವಲ್ಪ ನಿಜ ಇದೆ. ಒಳಗಿನ ನೆರಿಗೆ ಕಾಗದ ಎತ್ತರವಾದಷ್ಟೂ ಅದರ ಮೇಲ್ಮೈ ಹೆಚ್ಚು, ತುಂಬಿಕೊಳ್ಳುವುದು ನಿಧಾನ. ಆದರೆ ದೊಡ್ಡ ಫಿಲ್ಟರ್ ಸಣ್ಣ ಕಣವನ್ನೂ ಹಿಡಿಯುತ್ತದೆ ಅಂದುಕೊಳ್ಳಬಾರದು. ಎಷ್ಟು ಮೈಕ್ರಾನಿನ ಕಣವನ್ನು ನೂರಕ್ಕೆ ಎಷ್ಟು ಹಿಡಿಯುತ್ತದೆ ಅನ್ನುವುದು ಕಾಗದದ ಗುಣ. ಡಬ್ಬಿಯ ಉದ್ದ ನೋಡಿ ಅದನ್ನು ಹೇಳಲು ಬರುವುದಿಲ್ಲ. ಅದನ್ನು ಅಳೆಯಲು ಐಎಸ್ಒ 4548-12 ಅನ್ನುವ ಪರೀಕ್ಷೆ ಇದೆ. ಒಳ್ಳೆಯ ಕಂಪನಿಗಳು ಅದರ ಫಲಿತಾಂಶವನ್ನು ಡಬ್ಬದ ಮೇಲೋ ತಮ್ಮ ಮಾಹಿತಿ ಹಾಳೆಯಲ್ಲೋ ಹಾಕುತ್ತವೆ. ಇನ್ನೊಂದು ಕಿರಿಕಿರಿಯೂ ಇದೆ. ಉದ್ದನೆಯ ಡಬ್ಬಿಯೊಳಗೆ ಕಾಗದವೂ ಅಷ್ಟೇ ಉದ್ದ ಇರಬೇಕೆಂಬ ನಿಯಮವೇನಿಲ್ಲ. ಅಗ್ಗದ ಕೆಲವು ಫಿಲ್ಟರುಗಳಲ್ಲಿ ನೆರಿಗೆ ಕಡಿಮೆ ಇಟ್ಟು, ಉಳಿದ ಜಾಗವನ್ನು ಸ್ಪ್ರಿಂಗ್ ಹಾಕಿ ತುಂಬಿಸಿರುತ್ತಾರೆ. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ಧೂಳಿನ ಬಗ್ಗೆ ಭಾವನಿಗೆ ನಾನು ಹೇಳಿದ್ದು ಬೇರೆ. ರಸ್ತೆಯ ಧೂಳು ಎಂಜಿನ್ ಒಳಗೆ ಬರುವುದು ಹೆಚ್ಚಾಗಿ ಗಾಳಿಯ ದಾರಿಯಿಂದ. ಏರ್ ಫಿಲ್ಟರ್ ಸರಿಯಾಗಿ ಕೂರದಿದ್ದರೆ, ಅದರ ಪೆಟ್ಟಿಗೆಯ ಮುಚ್ಚಳ ಒಂದು ಕಡೆ ಎದ್ದಿದ್ದರೆ, ಆ ನುಣ್ಣನೆಯ ಪುಡಿ ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೆ ಇಳಿಯುತ್ತದೆ. ಅಷ್ಟು ಹೊತ್ತಿಗೆ ಸವೆಸುವುದನ್ನು ಸವೆಸಿ ಆಗಿರುತ್ತದೆ. ಆಯಿಲ್ ಫಿಲ್ಟರ್ ಎಷ್ಟು ದೊಡ್ಡದಿದ್ದರೂ ಅದು ಆಮೇಲಿನ ಕಾವಲು. ಹಾಗಾಗಿ ಅವತ್ತು ಮೊದಲು ಬಿಚ್ಚಿದ್ದು ಏರ್ ಫಿಲ್ಟರ್ ಪೆಟ್ಟಿಗೆಯನ್ನೇ. ಫಿಲ್ಟರ್ ದಾಟಿದ ಮೇಲಿನ ಕೊಳವೆಯ ಒಳಮೈಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿದೆವು. ಧೂಳಿನ ಗುರುತು ಇರಲಿಲ್ಲ.

ಮೂರನೆಯದು ಹರಿವು. ನನ್ನ ಪ್ರಕಾರ ಉದ್ದನೆಯ ಫಿಲ್ಟರಿನ ನಿಜವಾದ ಲಾಭ ಇರುವುದು ಇಲ್ಲಿ. ಅದನ್ನು ಅರ್ಥ ಮಾಡಿಕೊಳ್ಳಲು ಬೈಪಾಸ್ ವಾಲ್ವ್ ಅಂದರೇನು ಅಂತ ತಿಳಿಯಬೇಕು.

ಬೈಪಾಸ್ ಮತ್ತು 22 ಪಿಎಸ್‌ಐ

ಪಂಪಿನಿಂದ ಬರುವ ಆಯಿಲ್ ಪೂರ್ತಿ ಫಿಲ್ಟರ್ ಮೂಲಕವೇ ಬೇರಿಂಗುಗಳಿಗೆ ಹೋಗುತ್ತದೆ. ಕಾಗದ ಕಟ್ಟಿಕೊಂಡರೆ, ಇಲ್ಲವೇ ಚಳಿಗೆ ಆಯಿಲ್ ಜೇನಿನ ಹಾಗೆ ಗಟ್ಟಿಯಾಗಿದ್ದರೆ, ಹರಿವು ನಿಂತುಹೋಗಬಾರದಲ್ಲ? ಅದಕ್ಕೇ ಒಂದು ಸಣ್ಣ ವಾಲ್ವ್ ಇಟ್ಟಿರುತ್ತಾರೆ. ಫಿಲ್ಟರ್ ಕಾಗದದ ಒಳಬದಿಗೂ ಹೊರಬದಿಗೂ ಇರುವ ಒತ್ತಡದ ವ್ಯತ್ಯಾಸ ಒಂದು ಮಿತಿ ದಾಟಿದಾಗ ಅದು ತೆರೆದುಕೊಳ್ಳುತ್ತದೆ. ಆಗ ಒಂದಿಷ್ಟು ಆಯಿಲ್ ಸೋಸದೇ ದಾಟಿ ಹೋಗುತ್ತದೆ. ಆಯಿಲ್ ಇಲ್ಲದೆ ಬೇರಿಂಗ್ ಸಾಯುವುದಕ್ಕಿಂತ ಸೋಸದ ಆಯಿಲ್ ಸಿಗುವುದೇ ಮೇಲು ಅನ್ನುವ ಲೆಕ್ಕಾಚಾರ.

ಮೀಟರಿನಲ್ಲಿ ಕಾಣುವ ಆಯಿಲ್ ಪ್ರೆಶರ್‌ಗೂ ಈ ಮಿತಿಗೂ ನೇರ ಸಂಬಂಧ ಇಲ್ಲ. ಪಂಪಿನಲ್ಲಿ ಹೆಚ್ಚಾದ ಒತ್ತಡ ಇಳಿಸಲು ಇರುವ ರಿಲೀಫ್ ವಾಲ್ವ್ ಕೂಡ ಬೇರೆಯೇ. ಅಂಗಡಿಯ ಕೌಂಟರಿನಲ್ಲಿ ಇವೆರಡನ್ನೂ ಬೆರೆಸಿ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ.

2007ರಿಂದ ಈಚಿನ ಈ 5.3 ಎಂಜಿನ್‌ಗೆ ಶೆವರ್ಲೆ ತಯಾರಿಸುವ ಜನರಲ್ ಮೋಟಾರ್ಸ್ ಹೇಳುವ ಬೈಪಾಸ್ ಮಿತಿ 22 ಪಿಎಸ್‌ಐ (ಚದರ ಇಂಚಿಗೆ 22 ಪೌಂಡ್ ಒತ್ತಡ), ಅಂದರೆ ಸುಮಾರು ಒಂದೂವರೆ ಬಾರ್. ಬೇರೆ ಎಷ್ಟೋ ಎಂಜಿನುಗಳ ಫಿಲ್ಟರಿಗೆ ಹೋಲಿಸಿದರೆ ಇದು ಜಾಸ್ತಿ. ಪಂಪ್ ತಳ್ಳುವ ಆಯಿಲ್ ಹೆಚ್ಚು, ಹಾಗಾಗಿ ಫಿಲ್ಟರಿನ ಎರಡು ಬದಿಯ ನಡುವೆ ಒತ್ತಡದ ವ್ಯತ್ಯಾಸವೂ ಹೆಚ್ಚು. ಮಿತಿ ಕಡಿಮೆ ಇರುವ ಫಿಲ್ಟರ್ ಹಾಕಿದರೆ ಅದು ಮತ್ತೆ ಮತ್ತೆ ತೆರೆದುಕೊಂಡು ಕೊಳೆಯನ್ನು ಒಳಗೆ ಬಿಡುತ್ತಿರುತ್ತದೆ. ಗಾಡಿ ಓಡುತ್ತಲೇ ಇರುತ್ತದೆ, ದೀಪ ಹತ್ತುವುದಿಲ್ಲ, ಶಬ್ದ ಬರುವುದಿಲ್ಲ. ತಪ್ಪು ಆಗಿದೆ ಅಂತ ತಿಳಿಯುವ ದಾರಿಯೇ ಇಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ ಫೋರ್ಡಿನ ಎಫ್ಎಲ್-820ಎಸ್. ಎಫ್-150 ಪಿಕಪ್‌ಗಳ 4.6 ಮತ್ತು 5.4 ಲೀಟರ್ ಎಂಜಿನುಗಳಿಗೆ ಬಳಸುವ ಫಿಲ್ಟರ್. ಮೈಕಟ್ಟು ದೊಡ್ಡದು, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಅಗ್ಗ. ಥ್ರೆಡ್ಡೂ ಪಿಎಫ್48ರದ್ದೇ: 22 ಮಿಲಿಮೀಟರ್, ಎಳೆಯಿಂದ ಎಳೆಗೆ ಅಂತರ (ಪಿಚ್) 1.5. ಹಾಗಾಗಿ ಸಿಲ್ವರಾಡೊಗೆ ತಿರುಗಿಸಿದರೆ ಹತ್ತುತ್ತದೆ. ಆದರೆ ಅದರ ಬೈಪಾಸ್ ಸುಮಾರು 16 ಪಿಎಸ್‌ಐಗೆ ತೆರೆಯುತ್ತದೆ. ಅದು ಫೋರ್ಡಿನ ಎಂಜಿನ್‌ಗೆ ಸರಿ. ಇಲ್ಲಿಗೆ ಸರಿಯಲ್ಲ. ‘ಕೂತರೆ ಸಾಕು’ ಅನ್ನುವ ಗ್ಯಾರೇಜ್ ನ್ಯಾಯ ಇಲ್ಲಿ ಕೈ ಕೊಡುತ್ತದೆ.

ಪಿಎಫ್63ರ ಬೈಪಾಸ್ 22 ಪಿಎಸ್‌ಐ. ಪಿಎಫ್48ರದ್ದೂ ಅಷ್ಟೇ. ಭಾವನ ಆಯ್ಕೆ ಒಪ್ಪಿಗೆಯಾಗಲು ಇದು ದೊಡ್ಡ ಕಾರಣ.

ಈಗ ಲಾಭಕ್ಕೆ ಬರೋಣ. ಕಾಗದದ ಮೇಲ್ಮೈ ಮೂರನೇ ಒಂದು ಭಾಗದಷ್ಟು ಹೆಚ್ಚಾಯಿತು ಅಂತಿಟ್ಟುಕೊಳ್ಳಿ. ಅದೇ ಆಯಿಲ್, ಅದೇ ಹರಿವು ಆದರೆ ಒತ್ತಡದ ವ್ಯತ್ಯಾಸ ಸುಮಾರು ಕಾಲು ಭಾಗ ಇಳಿಯುತ್ತದೆ. ಬಿಸಿ ಎಂಜಿನಿನಲ್ಲಿ ಇದರಿಂದ ಹೇಳಿಕೊಳ್ಳುವಂಥದ್ದು ಏನೂ ಆಗುವುದಿಲ್ಲ, ಯಾಕೆಂದರೆ 100 ಡಿಗ್ರಿಯಲ್ಲಿ 5ಡಬ್ಲ್ಯೂ-30 ದರ್ಜೆಯ ಆಯಿಲಿನ ಸ್ನಿಗ್ಧತೆ, ಅಂದರೆ ಮಂದತನ, ಹತ್ತು ಹನ್ನೊಂದು ಸೆಂಟಿಸ್ಟೋಕ್ಸ್ ಮಾತ್ರ. ನೀರಿನಷ್ಟಲ್ಲದಿದ್ದರೂ ತೆಳ್ಳಗೇ ಇರುತ್ತದೆ, ವ್ಯತ್ಯಾಸ ಬೈಪಾಸಿನ ಹತ್ತಿರಕ್ಕೂ ಬರುವುದಿಲ್ಲ. 40 ಡಿಗ್ರಿಯಲ್ಲಿ ಅದೇ ಆಯಿಲ್ ಅರವತ್ತರ ಆಸುಪಾಸು. ಸೊನ್ನೆ ಡಿಗ್ರಿಯಲ್ಲಿ ನೂರುಗಟ್ಟಲೆ. ಅಂದರೆ ಚಳಿಯ ಬೆಳಗಿನ ಮೊದಲ ಒಂದೆರಡು ನಿಮಿಷ ಮಾತ್ರ ಉದ್ದನೆಯ ಫಿಲ್ಟರ್ ತನ್ನ ಅನ್ನ ತಾನು ದುಡಿಯುತ್ತದೆ. ಉತ್ತರದ ಚಳಿ ರಾಜ್ಯ ಮಿನೆಸೋಟದಲ್ಲಿ ಇರುವವರಿಗೆ ಇದು ಚಳಿಗಾಲ ಪೂರ್ತಿ ಉಪಯೋಗ. ಆಸ್ಟಿನ್‌ನಲ್ಲಿ ವರ್ಷಕ್ಕೆ ಕೆಲವು ವಾರ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಹೆಪ್ಪುಗಟ್ಟಿತ್ತಲ್ಲ, ಡಲ್ಲಾಸ್‌ನಲ್ಲಿ ಸೊನ್ನೆಗಿಂತ 19 ಡಿಗ್ರಿ ಕೆಳಗೆ ಇಳಿದಿತ್ತು, ಅಂಥ ದಿನಕ್ಕೆ ಹೇಳಿ ಮಾಡಿಸಿದ ಹಾಗೆ. ಉಳಿದಂತೆ ಲಾಭ ಸಣ್ಣದು.

ಈ ಎಂಜಿನಿನ ಒಂದು ಸ್ವಭಾವವನ್ನೂ ಸೇರಿಸಬೇಕು. ಭಾರ ಇಲ್ಲದೆ ಹೆದ್ದಾರಿಯಲ್ಲಿ ಓಡುವಾಗ ಎಂಟರಲ್ಲಿ ನಾಲ್ಕು ಸಿಲಿಂಡರುಗಳು ತಾವೇ ಸುಮ್ಮನಾಗುತ್ತವೆ, ಪೆಟ್ರೋಲ್ ಉಳಿಸಲಿಕ್ಕೆ. ಆ ಕೆಲಸ ಮಾಡುವ ಲಿಫ್ಟರುಗಳಿಗೆ (ಎಂಜಿನಿನ ವಾಲ್ವ್ ಎತ್ತುವ ಭಾಗಗಳಿಗೆ) ಸನ್ನೆ ಹೋಗುವುದು ಆಯಿಲಿನ ಒತ್ತಡದಿಂದಲೇ. ದಾರಿಗಳು ಸಣ್ಣವು. ಹೀಗಿರುವಾಗ ಸೋಸದ ಆಯಿಲ್ ಎಷ್ಟು ಕಡಿಮೆ ಹೋದರೆ ಅಷ್ಟು ಒಳ್ಳೆಯದು ಅನ್ನುವ ವಾದಕ್ಕೆ ಬೆಲೆ ಇದೆ. ಆದರೆ ಅದಕ್ಕಿಂತ ಹೆಚ್ಚು ಬೆಲೆ ಇರುವುದು ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ತೋರಿಸುವ ಕಡ್ಡಿ, ನೋಡುವ ಅಭ್ಯಾಸಕ್ಕೆ. ಆಯಿಲ್ ಮಟ್ಟ ಒಂದು ಕ್ವಾರ್ಟ್ ಇಳಿದ ಗಾಡಿಗೆ ಯಾವ ಫಿಲ್ಟರೂ ಪರಿಹಾರ ಅಲ್ಲ.

ಹೊಸ ಎಂಜಿನಿನ ಸಾಕ್ಷಿ

2014ರ ಸಿಲ್ವರಾಡೊದಲ್ಲಿ ಹೊಸ ತಲೆಮಾರಿನ 5.3 ಎಂಜಿನ್ ಬಂತು. ಅದಕ್ಕೆ ಕಂಪನಿ ಕೊಟ್ಟ ಫಿಲ್ಟರ್ ಇದೇ ಪಿಎಫ್63. ಭಾವನಿಗೆ ಇದು ಸಾಕಿತ್ತು. “ನೋಡು, ಅವರೇ ದೊಡ್ಡದಕ್ಕೆ ಹೋಗಿದ್ದಾರೆ” ಅಂದರು.

ನಾನು ಪೂರ್ತಿ ಒಪ್ಪಲಿಲ್ಲ. ಆ ಎಂಜಿನ್ ಹೆಸರಿಗೆ ಮಾತ್ರ 5.3. ಆಯಿಲ್ ಎಂಟು ಕ್ವಾರ್ಟ್ ಹಿಡಿಯುತ್ತದೆ, ಅಂದರೆ ಏಳೂವರೆ ಲೀಟರಿಗೂ ಸ್ವಲ್ಪ ಮೇಲೆ. ಆಯಿಲ್ 0ಡಬ್ಲ್ಯೂ-20. ಪಂಪ್ ಕೂಡ ಬೇರೆ ಬಗೆಯದು, ಬೇಕಾದಷ್ಟೇ ತಳ್ಳುವಂಥದ್ದು. ಹಾಗಾಗಿ ‘ಅಲ್ಲಿ ಹಾಕುತ್ತಾರೆ, ಇಲ್ಲೂ ಹಾಕಬಹುದು’ ಅನ್ನುವುದು ಅರ್ಧ ಸಾಕ್ಷಿ. ಥ್ರೆಡ್, ರಬ್ಬರ್ ಗ್ಯಾಸ್ಕೆಟ್ಟಿನ ಅಳತೆ, ಬೈಪಾಸ್ ಮೂರೂ ಹೊಂದಿದ ಮೇಲೆ ಅದು ಒಳ್ಳೆಯ ಬೆಂಬಲ. ಅದೊಂದನ್ನೇ ಹಿಡಿದುಕೊಂಡು ಹೋಗುವಂತಿಲ್ಲ.

ಗ್ಯಾಸ್ಕೆಟ್ ನೋಡಿದ್ದು ಸುಲಭವಾಗಿ. ಎರಡು ಫಿಲ್ಟರುಗಳನ್ನೂ ಬಾಯಿ ಮೇಲೆ ಮಾಡಿ ಪಕ್ಕಪಕ್ಕ ಇಟ್ಟು ವರ್ನಿಯರ್ ಹಿಡಿದೆವು. ರಬ್ಬರ್ ರಿಂಗಿನ ಒಳ ಅಳತೆ, ಹೊರ ಅಳತೆ ಹೊಂದಿದವು. ಆಮೇಲೆ ಹಳೆ ಫಿಲ್ಟರ್ ಬಿಚ್ಚಿದಾಗ ಎಂಜಿನ್ ಕಡೆಯ ಮುಖದಲ್ಲಿ ರಬ್ಬರ್ ಕೂತಿದ್ದ ಗುರುತು ಕಾಣುತ್ತಿತ್ತು. ಹೊಸದು ಅದೇ ಗುರುತಿನ ಮೇಲೆ ಕೂರಬೇಕು. ಅಂಚಿಗೆ ಜಾರಿದರೆ ಬೇಡ.

ಜಾಗ ಇದೆಯಾ?

ಇದು ಪುಸ್ತಕ ನೋಡಿ ತೀರ್ಮಾನಿಸುವ ವಿಷಯ ಅಲ್ಲ. ಗಾಡಿಯ ಕೆಳಗೆ ಮಲಗಲೇಬೇಕು.

ಈ ಎಂಜಿನಿನಲ್ಲಿ ಫಿಲ್ಟರ್ ಆಯಿಲ್ ಪ್ಯಾನಿನ (ಎಂಜಿನ್ ತಳದ ಆಯಿಲ್ ತೊಟ್ಟಿಯ) ಹಿಂಭಾಗದಲ್ಲಿ, ಡ್ರೈವರ್ ಬದಿಗೆ, ನೇರವಾಗಿ ಕೆಳಗೆ ನೇತಾಡುತ್ತದೆ. ಅಮೆರಿಕದಲ್ಲಿ ಡ್ರೈವರ್ ಬದಿ ಅಂದರೆ ಎಡಗಡೆ. ನಾಲ್ಕು ಚಕ್ರದ ಮಾದರಿಯಲ್ಲಿ ಮುಂದಿನ ಡಿಫರೆನ್ಷಿಯಲ್‌ಗೆ (ಎರಡು ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆಗೆ) ಹೋಗುವ ಶಾಫ್ಟ್ ಕೂಡ ಅದೇ ಎಡಗಡೆ ಹಾಯುತ್ತದೆ. ಎರಡು ಚಕ್ರದ ಮಾದರಿಯವರಿಗೆ ಈ ಚಿಂತೆಯೇ ಇಲ್ಲ. ಅವರಲ್ಲಿ ಯಾರಾದರೂ ‘ನಾನು ಹಾಕಿದ್ದೀನಿ, ಆರಾಮಾಗಿ ಹಿಡಿಯುತ್ತೆ’ ಅಂದರೆ ಅದು ನಮಗೆ ಲೆಕ್ಕಕ್ಕೆ ಬರುವುದಿಲ್ಲ.

ತಿರುಗುವ ಶಾಫ್ಟ್ ಪಕ್ಕದಲ್ಲಿ ತೆಳು ತಗಡಿನ ಡಬ್ಬಿ. ಒಂದು ಸಲ ಉಜ್ಜಿದರೆ ಆಯಿಲ್ ಪೂರ್ತಿ ರಸ್ತೆಗೆ. ಹಾಗಾಗಿ ಇಲ್ಲಿ ಹೊತ್ತು ತೆಗೆದುಕೊಂಡೆವು. ಖಾಲಿ ಪಿಎಫ್63 ತಿರುಗಿಸಿ ಹಾಕಿ, ಡಬ್ಬಿಗೂ ಶಾಫ್ಟಿಗೂ ನಡುವೆ ಬೆರಳು ತೂರಿಸಿದೆವು. ಸಲೀಸಾಗಿ ಹೋಯಿತು. ಎಕ್ಸಾಸ್ಟ್ ಕೊಳವೆಯ ಕಡೆಗೂ ಅಷ್ಟೇ. ಆಮೇಲೆ ಎಂಜಿನ್ ಅಲುಗಾಡುವ ಪ್ರಶ್ನೆ. ರಬ್ಬರ್ ಮೌಂಟಿನ ಮೇಲೆ ಕೂತ ಎಂಜಿನ್ ಭಾರ ಎಳೆಯುವಾಗ ಸ್ವಲ್ಪ ವಾಲುತ್ತದೆ, ಆದರೆ ಫಿಲ್ಟರ್ ಎಂಜಿನ್ ಜೊತೆಗೇ ವಾಲುತ್ತದೆ. ಶಾಫ್ಟಿನ ಮುಂದಿನ ತುದಿ ಸೇರುವ ಡಿಫರೆನ್ಷಿಯಲ್ ಈ 1500ರಲ್ಲಿ ಚಾಸಿಗೇ ಬೋಲ್ಟ್ ಆಗಿದೆ, ಚಕ್ರದ ಜೊತೆ ಮೇಲೆ ಕೆಳಗೆ ಆಡುವುದಿಲ್ಲ. ಹಾಗಾಗಿ ಹಳ್ಳ ಬಿದ್ದರೂ ಶಾಫ್ಟ್ ಎದ್ದು ಬಂದು ಹೊಡೆಯುವ ಭಯ ಇಲ್ಲ. ಮುಂದೆ ಇಡೀ ಆಕ್ಸಲ್ ಇರುವ ಭಾರಿ ಪಿಕಪ್‌ಗಳಲ್ಲಿ ಈ ಧೈರ್ಯ ಸಲ್ಲದು. ಅಲ್ಲಿ ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಶಾಫ್ಟ್ ಎಲ್ಲಿರುತ್ತದೆ ಅಂತ ನೋಡಬೇಕು.

ಕೆಳಗಿನಿಂದ ಕಲ್ಲು ಹೊಡೆಯುವ ಸಾಧ್ಯತೆ? ಒಂದು ಇಂಚು ಕೆಳಗೆ ಬಂತು ಅನ್ನುವುದು ನಿಜ. ಗಾಡಿಯ ಮುಂದೆ ಕೂತು ನೋಡಿದರೆ ಪ್ಯಾನ್ ಮತ್ತು ಅಡ್ಡಪಟ್ಟಿಗಳ ಮರೆಯಲ್ಲಿ ಅದು ಅಡಗಿತ್ತು. ಬಂಡೆ ಹತ್ತಿಸುವ ಹುಚ್ಚು ಭಾವನಿಗೆ ಇಲ್ಲ. ಇದ್ದಿದ್ದರೆ ಚಿಕ್ಕ ಫಿಲ್ಟರೇ ಇರಲಿ ಅಂತಿದ್ದೆ.

ಹಾಕಿದ್ದು, ಆಮೇಲಿನ ಮಾತು

ಹಳೆ ಫಿಲ್ಟರ್ ಜೊತೆ ಹಳೆ ರಬ್ಬರ್ ರಿಂಗ್ ಕೂಡ ಬಂತಾ ಅಂತ ನೋಡಿಕೊಂಡೆವು. ಅದು ಎಂಜಿನಿಗೇ ಅಂಟಿಕೊಂಡು ಉಳಿದರೆ, ಅದರ ಮೇಲೆ ಹೊಸದು ಕೂತು, ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಚಿಮ್ಮುತ್ತದೆ. ಹೊಸ ರಿಂಗಿಗೆ ಒಂದು ಹನಿ ಆಯಿಲ್ ಸವರಿ, ಬಾಯಿ ಮೇಲಾಗಿ ಕೂರುವ ಫಿಲ್ಟರ್ ಆದ್ದರಿಂದ ಒಳಗೂ ಆಯಿಲ್ ತುಂಬಿಸಿ ಹಾಕಿದೆವು. ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು, ಕೈಯಲ್ಲೇ. ಫಿಲ್ಟರಿಗೆ ತುಂಬಿಸಿದ್ದೂ ಸೇರಿ ಒಟ್ಟು ಆರು ಕ್ವಾರ್ಟ್ ಹಾಕಿ, ಎಂಜಿನ್ ಒಂದು ನಿಮಿಷ ಓಡಿಸಿ, ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ನೋಡಿದರೆ ಮೇಲಿನ ಗೆರೆಗಿಂತ ಕೂದಲೆಳೆ ಕೆಳಗೆ. ಲೆಕ್ಕ ಹಾಕಿದ್ದ ಆ ನೂರು ಮಿಲಿಲೀಟರ್ ಅಲ್ಲಿತ್ತು.

ಭಾವನ ಮುಂದಿನ ಪ್ರಶ್ನೆ ನಿರೀಕ್ಷಿಸಿದ್ದೇ. “ದೊಡ್ಡ ಫಿಲ್ಟರ್ ಆಯ್ತಲ್ಲ, ಇನ್ನು ಆಯಿಲ್ ಬದಲಿಸೋದು ಸ್ವಲ್ಪ ಮುಂದಕ್ಕೆ ಹಾಕಬಹುದಾ?”

ಬೇಡ ಅಂದೆ. ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಲೈಫ್ ಅಂತ ಶೇಕಡಾ ತೋರಿಸುವ ವ್ಯವಸ್ಥೆ ಆಯಿಲನ್ನು ಮುಟ್ಟಿ ನೋಡುವುದೇ ಇಲ್ಲ. ಎಂಜಿನ್ ಎಷ್ಟು ಸುತ್ತು ತಿರುಗಿತು, ಎಷ್ಟು ಬಿಸಿಯಲ್ಲಿ ಓಡಿತು ಅನ್ನುವುದರಿಂದ ಲೆಕ್ಕ ಕಟ್ಟುತ್ತದೆ. ಫಿಲ್ಟರ್ ಉದ್ದದ್ದೋ ಗಿಡ್ಡದ್ದೋ ಅದಕ್ಕೆ ಗೊತ್ತಿಲ್ಲ. ಆಯಿಲ್ ಹಳತಾಗುವುದು ಬಿಸಿಯಿಂದ, ಪೆಟ್ರೋಲ್ ಬೆರೆಯುವುದರಿಂದ, ಒಳಗೆ ಬೆರೆಸಿದ ರಾಸಾಯನಿಕ ಸವೆಯುವುದರಿಂದ. ಅದ್ಯಾವುದನ್ನೂ ಕಾಗದ ತಡೆಯುವುದಿಲ್ಲ. ಟ್ರೇಲರ್ ಎಳೆಯುವ ಗಾಡಿಗೆ ಆ ಶೇಕಡಾ ಪೂರ್ತಿ ಇಳಿಯುವ ತನಕ ಕಾಯುವುದೂ ನನಗೆ ಇಷ್ಟ ಇಲ್ಲ. ಎಷ್ಟು ಕಡಿಮೆ ಓಡಿಸಿದರೂ ವರ್ಷಕ್ಕೊಮ್ಮೆ ಬದಲಿಸಲೇಬೇಕು ಅಂತ ಕಂಪನಿಯ ಪುಸ್ತಕವೇ ಹೇಳುತ್ತದೆ.

ವಾರಂಟಿ ಇದ್ದ ಗಾಡಿಯಾಗಿದ್ದರೆ? ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಇದೆ. ನಮ್ಮದೇ ಫಿಲ್ಟರ್ ಕೊಂಡರೆ ಮಾತ್ರ ವಾರಂಟಿ ಅಂತ ತಯಾರಕರು ಸುಮ್ಮನೆ ಹಟ ಹಿಡಿಯುವಂತಿಲ್ಲ. ಆದರೆ ಹೊಂದದ ಫಿಲ್ಟರಿನಿಂದಲೇ ಎಂಜಿನ್ ಹಾಳಾಯಿತು ಅಂತ ತೋರಿಸಿದರೆ ಆ ರಿಪೇರಿಗೆ ದುಡ್ಡು ಕೊಡಬೇಕಾಗಿಲ್ಲ. ಹೊಸ ಗಾಡಿಯಾಗಿದ್ದರೆ ಪುಸ್ತಕದಲ್ಲಿ ಹೇಳಿದ ಫಿಲ್ಟರೇ ಇರಲಿ ಅಂತ ನಾನು ಹೇಳುತ್ತಿದ್ದೆ. ಇಷ್ಟು ಸಣ್ಣ ಲಾಭಕ್ಕೆ ಆ ತಕರಾರು ಯಾಕೆ?

ನಮ್ಮ ಊರಿನಲ್ಲಿ, ಭಾರತದಲ್ಲಿ, ಪಿಕಪ್ ಓಡಿಸುವವರಿಗೂ ಈ ಪರೀಕ್ಷೆಯ ದಾರಿ ಹೊಂದುತ್ತದೆ, ಆದರೆ ಇಲ್ಲಿನ ನಂಬರುಗಳು ಹೊಂದುವುದಿಲ್ಲ. ಡೀಸೆಲ್ ಎಂಜಿನ್‌ಗೆ ಮಸಿಯ ಕಾಟ ಬೇರೆ, ಫಿಲ್ಟರಿನ ಲೆಕ್ಕವೂ ಬೇರೆ. ಬೈಪಾಸ್ ಎಷ್ಟಕ್ಕೆ ತೆರೆಯುತ್ತದೆ ಅಂತ ಫಿಲ್ಟರ್ ಕಂಪನಿಯ ಕ್ಯಾಟಲಾಗಿನಲ್ಲಿ ಸಿಗದಿದ್ದರೆ ದೊಡ್ಡದರ ಆಸೆ ಬಿಡುವುದೇ ಒಳ್ಳೆಯದು.

ಪಿಎಫ್48 ಒಂದು ಭಾವನ ಶೆಡ್ಡಿನಲ್ಲಿ ಉಳಿಯಿತು. ಪಕ್ಕದ ಜಮೀನಿನವರ ಹತ್ತಿರ 2005ರ ಸಿಲ್ವರಾಡೊ ಇದೆ, ಅದೂ 5.3. “ನಿಮಗೆ ಬೇಡದಿದ್ದರೆ ನನಗೆ ಕೊಡಿ” ಅಂದರು. ಕೊಡಲಿಲ್ಲ. 2006ರ ತನಕದ ಈ ಎಂಜಿನುಗಳ ಫಿಲ್ಟರ್ ಕೊಳವೆಯ ಥ್ರೆಡ್ ಇಂಚಿನ ಲೆಕ್ಕದ್ದು: ಹದಿನಾರನೇ ಹದಿಮೂರು ಇಂಚು, ಅಂದರೆ 20.6 ಮಿಲಿಮೀಟರ್. ಅದಕ್ಕೆ 22 ಮಿಲಿಮೀಟರಿನ ಫಿಲ್ಟರ್ ತಿರುಗಿಸಿದರೆ ಸಡಿಲವಾಗಿಯಾದರೂ ಹತ್ತುತ್ತದೆ. ರಬ್ಬರ್ ಒತ್ತಿದಾಗ ಬಿಗಿಯಾಯಿತು ಅಂತಲೂ ಅನಿಸುತ್ತದೆ. ಥ್ರೆಡ್ ಕಚ್ಚಿರುವುದು ತುದಿಯಲ್ಲಿ ಅಷ್ಟಿಷ್ಟು. ಚಳಿಯ ಬೆಳಗ್ಗೆ ಒತ್ತಡ ಏರಿದಾಗ ಕಿತ್ತುಕೊಂಡು ಬೀಳಬಹುದು. ಅವರ ಗಾಡಿಗೆ ಪಿಎಫ್46 ಬೇಕು ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟೆವು. ಉಳಿದದ್ದನ್ನು ಭಾವ ಬಿಲ್ ಹಿಡಿದುಕೊಂಡು ಹೋಗಿ ಅಂಗಡಿಗೇ ವಾಪಸ್ ಮಾಡಿದರು.